ಹದಿನಾಲ್ಕನೆಯ ಮೈಲಿಗಲ್ಲು

ಅಂಗಡಿ ತೆರೆದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಅವಳು ಮ್ಯೂಸಿಕ್ ಪ್ಲೇಯರನ್ನು ಟವೆಲ್ಲಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಂದು ಅವನ ಮೇಜಿನ ಮೇಲಿಟ್ಟಳು.

"ನಮ್ಮ ಹಾಡು ವಾಪಸ್ ಕೊಡಿ," ಎಂದಳು.

ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. ಮೊನ್ನೆಯಷ್ಟೇ ನಗುನಗುತ್ತಾ ತೆಗೆದುಕೊಂಡು ಹೋದವಳು.

"ಎಲ್ಲಾ ಇದಾವಲ್ಲ ಮೇಡಂ. ಮುನ್ನೂರ ಇಪ್ಪತ್ತೈದು. ನಾನೇ ಎಣಿಸಿದ್ದೀನಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಪೆಟ್ಟಿಗೆಯ ಒಳಗಿನ ಹಾರ್ಡ್ ಡಿಸ್ಕ್ ಹಳೆಯದಾಗಿ, ನಡುನಡುವೆ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಒಂದು ದಿನ ಪೂರ್ತಿ ನಿಂತೇಹೋದೀತು ಎಂದು ಹೆದರಿ, ಬೇಡ ಬೇಡ ಎಂದ ಅಪ್ಪನನ್ನು ಒಪ್ಪಿಸಿ, ಅವಳೇ ಅದನ್ನು ಇಲ್ಲಿಗೆ ತಂದಿದ್ದಳು. ಅವನು ದೊಡ್ಡ ಡಿಸ್ಕ್ ಹಾಕಿದ್ದ. ಹಾಡುಗಳನ್ನೆಲ್ಲ ಅದಕ್ಕೆ ಸಾಗಿಸಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಲಸದಲ್ಲಿ ಅಚ್ಚುಕಟ್ಟು ಮನುಷ್ಯ. ಹಾಡುಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ ಎಂದುಕೊಂಡು ಹಾಡಿದವರ ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿದ್ದ. ಜೊತೆಗೆ, ಒಂದೇ ಸೈಕಲ್ ಬೆಲ್ಲಿನ ಸದ್ದು ಹದಿಮೂರು ಕಡೆ ಇದ್ದದ್ದನ್ನು ಕಸವೆಂದು ಅಳಿಸಿಹಾಕಿದ್ದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಅವಳ ಅಪ್ಪನಿಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ. ಮೊದಲು ರಸ್ತೆ ಇಲಾಖೆಯಲ್ಲಿದ್ದವರು. ಮೂವತ್ತು ವರ್ಷ ಮೈಲಿಗಲ್ಲು ನೆಡಿಸುತ್ತಾ ತಿರುಗಿದವರು. ದೃಷ್ಟಿ ಮಸುಕಾಗುತ್ತಿದ್ದ ದಿನಗಳಲ್ಲಿ ತಮ್ಮ ಹಾಡುಗಳನ್ನು ಇಪ್ಪತ್ತೈದರಂತೆ ಭಾಗ ಮಾಡಿ, ಪ್ರತಿ ಭಾಗದ ತಲೆಯಲ್ಲಿ ತಮ್ಮ ಹಳೆಯ ಸೈಕಲ್ಲಿನ ಬೆಲ್ ಸದ್ದನ್ನು ಮಗಳ ಕೈಯಲ್ಲಿ ಹಾಕಿಸಿದ್ದರು. ಅದೇ ಅವರ ಮೈಲಿಗಲ್ಲು. ರಿಮೋಟಿನ ದೊಡ್ಡ ಗುಂಡಿ ಒತ್ತಿದರೆ ಒಂದು ಮೈಲಿ, ಚಿಕ್ಕದು ಒತ್ತಿದರೆ ಒಂದು ಹೆಜ್ಜೆ. ಟ್ರಿಣ್ ಎಂದ ಲೆಕ್ಕ ಹಿಡಿದು ಯಾವ ಹಾಡಿಗೆ ಬೇಕಾದರೂ ಯಾರನ್ನೂ ಕೇಳದೆ ಹೋಗಿಬರುತ್ತಿದ್ದರು. ಈಗ ಎರಡು ದಿನದಿಂದ ರಿಮೋಟು ಜೇಬಿನಲ್ಲೇ ಇತ್ತು. ಒತ್ತಿದರೆ ಯಾವುದೋ ಹಾಡು ಬರುತ್ತದೆ, ನನ್ನ ಮನೆಯಲ್ಲೇ ನಾನು ದಾರಿ ತಪ್ಪಿದ ಹಾಗಾಗುತ್ತದೆ ಎಂದಿದ್ದರು. ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಎಲ್ಲವನ್ನೂ ಹೇಳಿ ಮುಗಿಸುವಾಗ ಅವಳ ದನಿ ಸಣ್ಣಗಾಗಿತ್ತು.

"ನಾನು ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲೀತೀನಿ. ಖಾಲಿ ಹಾಳೆ ಸಿಕ್ಕಿದ್ರೂ ಅದನ್ನ ಕೀಳೋದಿಲ್ಲ. ಯಾರೋ ಯಾಕೋ ಬಿಟ್ಟಿರ್ತಾರೆ."

ಗಿರಾಕಿಗಳ ಹಳೆಯ ಡಿಸ್ಕನ್ನು ಒಂದು ತಿಂಗಳು ಹೆಸರು ಬರೆದು ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಅವನ ಪದ್ಧತಿ. ಅದನ್ನು ತೆಗೆದು ಕಂಪ್ಯೂಟರಿಗೆ ಜೋಡಿಸಿದ. ಅದು ಮೂರು ಸಲ ಕಟಕಟ ಎಂದು ಸುಮ್ಮನಾಯಿತು. ಇನ್ನೊಮ್ಮೆ ಜೋಡಿಸಿದ. ಈ ಸಲ ಅದೂ ಇಲ್ಲ. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು, ಬೈಯಲು ಬಂದಿದ್ದ ಅವಳಿಗೇ ಪಾಪ ಅನ್ನಿಸಿತು.

"ನಿಮ್ಮ ತಂದೆಯವರಿಗೆ ಆ ಕ್ರಮ ನೆನಪಿದೆಯಾ?" ಎಂದು ಕೊನೆಗೆ ಕೇಳಿದ.

"ಊಟ ಆಯ್ತೋ ಇಲ್ವೋ ಮರೀತಾರೆ. ಹಾಡಿನ ಜಾಗ ಮರೆಯಲ್ಲ."

"ಹಾಗಾದ್ರೆ ನಾನೇ ಮನೆಗೆ ಬರ್ತೀನಿ. ದಿನಾ ಆರು ಗಂಟೆಗೆ, ದಿನಕ್ಕೊಂದು ಮೈಲಿ. ಕೆಡಿಸಿದ್ದು ನಾನು, ನಾನೇ ಕಟ್ಟಿಕೊಡ್ತೀನಿ."

ಆ ಸಂಜೆ ಗೇಟಿನ ಹತ್ತಿರ ಸೈಕಲ್ ಬೆಲ್ ಕೇಳಿಸಿತು. ಒಮ್ಮೆ ಸರಿಯಾಗಿ ಟ್ರಿಣ್, ಎರಡನೆಯ ಸಲಕ್ಕೆ ನೆಗಡಿಯಾದವರ ಕೆಮ್ಮು. ಯಾರದು ಈ ರೋಗಿಷ್ಟ ಬೆಲ್ಲು ಎಂದು ಅಪ್ಪ ಕೇಳಿದರು. ರಿಪೇರಿಯವನೆಂದು ತಿಳಿದಾಗ, ಊರಿಗೆಲ್ಲ ಮದ್ದು ಕೊಡುವ ಡಾಕ್ಟರಿಗೆ ತನ್ನ ಕೆಮ್ಮೇ ಕೇಳಿಸುವುದಿಲ್ಲ ಎಂದರು. ಅಂದಿನಿಂದ ಅವನಿಗೆ ಆ ಮನೆಯಲ್ಲಿ ಡಾಕ್ಟರೆಂದೇ ಹೆಸರಾಯಿತು.

ಮೊದಲು ಬೆಲ್ಲಿನ ಸದ್ದನ್ನು ಹೊಸದಾಗಿ ಹಿಡಿಯಬೇಕಿತ್ತು. ಅಪ್ಪನ ಸೈಕಲ್ ಎಂದೋ ಹೋಗಿತ್ತು. ಬೆಲ್ಲನ್ನು ಮಾತ್ರ ಬಿಚ್ಚಿ ಕಪಾಟಿನಲ್ಲಿಟ್ಟಿದ್ದರು. ಅವಳು ಅದನ್ನು ಅಂಗೈಯಲ್ಲಿ ಹಿಡಿದಳು. ಅವನು ಫೋನನ್ನು ಹತ್ತಿರ ತಂದ. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು. ಉಸಿರಿನ ಸದ್ದೂ ಬರಬಾರದೆಂದು ಇಬ್ಬರೂ ಉಸಿರು ಕಟ್ಟಿ ನಿಂತರು. ಅವನ ಕಿವಿಯ ಹಿಂದೆ ಪುಟ್ಟದೊಂದು ಸ್ಕ್ರೂಡ್ರೈವರ್, ಬೆರಳಿನ ಮೇಲೆ ಸುಟ್ಟ ಕಲೆ. ರೆಪ್ಪೆ ಎತ್ತಿದರೆ ಅವನೂ ನೋಡುತ್ತಿದ್ದ. ನೋಡಿ, ಫೋನನ್ನೇ ಮೊದಲ ಸಲ ಕಂಡವನ ಹಾಗೆ ಅದರ ಕಡೆ ತಿರುಗಿಕೊಂಡ. ಅವಳಿಗೆ ನಗು ಬಂದು ಆ ಬೆಲ್ ಕೆಟ್ಟಿತು. ಎರಡನೆಯದು ಅವನಿಂದ ಕೆಟ್ಟಿತು. ಒಂದು ಟ್ರಿಣ್ ಹಿಡಿಯುವುದಕ್ಕೆ ಇಷ್ಟು ಹೊತ್ತಾದರೆ ಹದಿಮೂರು ಮೈಲಿ ನಡೆಯುವಷ್ಟರಲ್ಲಿ ನನ್ನ ಗಡ್ಡ ನೆಲಕ್ಕೆ ತಾಗುತ್ತದೆ ಎಂದು ಅಪ್ಪ ಗೊಣಗಿದರು.

ಎರಡು ದಿನ ಕಾಣೆಯಾಗಿದ್ದ ಅಪ್ಪನ ತಮಾಷೆ ಮಾತು ವಾಪಸ್ ಬಂದಿತ್ತು. ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಹೀಗೆ ಆರು ಗಂಟೆಗಳು ಶುರುವಾದವು. ಅಪ್ಪ ಕಣ್ಣು ಮುಚ್ಚಿ ಕುರ್ಚಿಗೆ ಒರಗಿ ಒಂದೊಂದೇ ಹಾಡು ಹೇಳುವರು. ಅವನು ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಿ ಅದರ ಜಾಗಕ್ಕೆ ಸೇರಿಸುವನು. ಅವಳು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಗುರುತು ಹಾಕುವಳು. ಎರಡನೆಯ ಮೈಲಿಯ ತುಂಬ ಅಪ್ಪ ಡೇರೆಯಲ್ಲಿ ಮಲಗುತ್ತಿದ್ದ ಕಾಲದ ಹಾಡುಗಳಿದ್ದವು. ಐದನೆಯದರ ಹನ್ನೊಂದನೆಯ ಹಾಡನ್ನು ಅಮ್ಮ ಒಲೆಯ ಮುಂದೆ ಯಾವಾಗಲೂ ತಪ್ಪಾಗಿಯೇ ಹಾಡುತ್ತಿದ್ದಳಂತೆ. ತಿದ್ದಿದರೆ, ಇದೇ ಚೆನ್ನಾಗಿದೆ ಎನ್ನುತ್ತಿದ್ದಳಂತೆ. ಮೂವತ್ತೊಂಬತ್ತು ವರ್ಷ ಈ ಮನೆಯಲ್ಲಿದ್ದೂ ಮಗಳು ಈ ಮಾತು ಕೇಳಿರಲಿಲ್ಲ. ಹೊರಗಿನವನೊಬ್ಬ ಬಂದು, ಆಮೇಲೆ ಯಾವುದು ಸರ್ ಎಂದು ಕೇಳಬೇಕಾಯಿತು.

ಮೂರನೆಯ ದಿನ ಅಪ್ಪ ಇನ್ನೊಂದು ದೂರು ಹೇಳಿದರು. ಮೊದಲು ಪೆಟ್ಟಿಗೆಯೊಳಗೆ ಬೆಕ್ಕು ಮಲಗಿದ ಹಾಗೆ ಸಣ್ಣಗೆ ಗುರ್ ಎನ್ನುತ್ತಿತ್ತು, ಈಗ ಅದು ಆನ್ ಆಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅವನು ಹಣೆ ಚಚ್ಚಿಕೊಂಡ. ಸದ್ದು ಬಾರದಿರಲೆಂದು ಹೊಸ ಡಿಸ್ಕಿನ ನಾಲ್ಕು ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಹಾಕಿದ್ದ. ಅದೊಂದು ಉಪಕಾರವೆಂದೇ ತಿಳಿದಿದ್ದ. ಕೂಡಲೇ ಪೆಟ್ಟಿಗೆ ಬಿಚ್ಚಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಸರಿನಲ್ಲಿ ಸಾಲಾಗಿಟ್ಟು, ವಾಷರ್‌ಗಳನ್ನು ತೆಗೆದು, ಡಿಸ್ಕನ್ನು ನೇರ ತಗಡಿಗೇ ಬಿಗಿದ. ಅಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಒಳಗೆ ಬೆಕ್ಕು ಗುರ್ ಎಂದಿತು.

ಎಷ್ಟು ಹಾಡು ಹಿಡಿಸುತ್ತದೆ ಇದರಲ್ಲಿ ಎಂದು ಅವಳು ಕೇಳಿದಳು. ಇಂಥ ಮುನ್ನೂರು ಮೈಲಿ ಹಿಡಿಸುತ್ತದೆ, ನೀವು ಹದಿಮೂರಕ್ಕೇ ನಿಲ್ಲಿಸಿದ್ದೀರಿ ಎಂದು ಅವನು ನಕ್ಕ. ಹಾಡನ್ನು ಲ್ಯಾಪ್‌ಟಾಪಿನಿಂದ ಸೇರಿಸುವುದು ಹೇಗೆಂದು ಅವಳಿಗೂ ಕಲಿಸಿಕೊಟ್ಟ. ಕಲಿಸುವಾಗ ಅವಳ ಕೈಗೆ ಕೈ ತಾಗದಂತೆ ಅವನು ಪಟ್ಟ ಪಾಡನ್ನು ನೋಡಿ ಅವಳು ಬೇಕೆಂದೇ ಎರಡು ಸಲ ತಪ್ಪು ಮಾಡಿದಳು.

ಆದರೆ ನೋಟ್‌ಬುಕ್ಕಿನಲ್ಲಿ ಗುರುತುಗಳು ಏರುತ್ತಿದ್ದವು. ಏಳು, ಎಂಟು. ಪುಸ್ತಕ ಹೊಲಿಯುವವಳಿಗೆ ಇನ್ನೆಷ್ಟು ಹಾಳೆ ಉಳಿದಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಹದಿಮೂರು ಮುಗಿದರೆ ಅವನು ಬರಲು ಕಾರಣವಿಲ್ಲ. ಕಾರಣವಿಲ್ಲದೆ ಬರುವ ಜಾತಿಯ ಮನುಷ್ಯನಲ್ಲ ಅವನು. ಬನ್ನಿ ಎಂದು ಕರೆಯುವ ಜಾತಿಯವಳಲ್ಲ ಅವಳು.

ಒಂಬತ್ತನೆಯ ಸಂಜೆ ಅವನು ಟೀ ಪೂರ್ತಿ ಕುಡಿಯಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಿತ್ತು ಮುಖ. ಹೊರಡುವಾಗ ಗೇಟಿನ ಬಳಿ ಜೇಬಿನಿಂದ ಮಡಚಿದ ಕಾಗದ ತೆಗೆದು ಅವಳಿಗೆ ಕೊಟ್ಟ.

"ಹಳೇ ಡಿಸ್ಕ್ ಶುಕ್ರವಾರ ಬೆಳಿಗ್ಗೆ ಒಂದು ಸಲ ತಿರುಗಿತು. ಪೂರ್ತಿ ಕ್ರಮ ಇದರಲ್ಲಿದೆ, ಹದಿಮೂರೂ ಮೈಲಿ. ಹತ್ತು ನಿಮಿಷದ ಕೆಲಸ."

"ಇವತ್ತು ಸೋಮವಾರ," ಎಂದಳು ಅವಳು.

"ಹೌದು."

"ಅಪ್ಪನಿಗೆ ಶುಕ್ರವಾರವೇ ಎಲ್ಲಾ ಹಾಡು ಸಿಗಬಹುದಿತ್ತು."

"ಅದೇ ಗಂಟಲಲ್ಲಿ ಸಿಕ್ಕಿಕೊಂಡಿದೆ ಮೇಡಂ. ಮೂರು ದಿನ ಸುಮ್ಮನಿದ್ದೆ." ಬೆಲ್ಲಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಸದ್ದಾಗದಂತೆ ಒತ್ತುತ್ತಾ, ಬಿಡುತ್ತಾ ಅವನು ನೆಲ ನೋಡಿದ. "ಹೇಳಿದ್ರೆ ಮಾರನೇ ದಿನ ಬರೋಕೆ ನೆಪ ಇರ್ತಿರಲಿಲ್ಲ."

ಸಿಟ್ಟು ಬರಬೇಕಿತ್ತು ಅವಳಿಗೆ. ಸ್ವಲ್ಪ ಬಂತು ಕೂಡ. ಆದರೆ ಅಷ್ಟರಲ್ಲಿ ಕಿಟಕಿಯಿಂದ ಅಪ್ಪನ ಗುನುಗು ಕೇಳಿಸಿತು. ಒಂದು ಹಾಡಿನ ಎರಡು ಸಾಲು, ನಿಲ್ಲಿಸಿ, ಬೆರಳಿನಿಂದ ಕುರ್ಚಿಯ ತೋಳು ಬಡಿದು, ಮುಂದಿನ ಹಾಡಿನ ಎರಡು ಸಾಲು. ನಾಳೆಯ ಮೈಲಿಯನ್ನು ಈಗಲೇ ತಿರುವಿಹಾಕುತ್ತಿದ್ದರು, ಪರೀಕ್ಷೆಯ ಹಿಂದಿನ ದಿನ ಪಾಠ ಉರುಹೊಡೆಯುವ ಹುಡುಗನಂತೆ. ಆರು ವರ್ಷದಲ್ಲಿ ಯಾರೂ ಅವರಿಂದ ಏನನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ಈ ಕಾಗದವನ್ನು ಒಳಗೆ ಒಯ್ದರೆ ಆ ಗುನುಗು ನಿಂತುಹೋಗುತ್ತದೆ.

ಅವಳು ಕಾಗದವನ್ನು ಬಿಡಿಸಿ ದೀಪದ ಬೆಳಕಿಗೆ ಹಿಡಿದು ನೋಡಿದಳು. ಎಂಟನೆಯ ಮೈಲಿಯಲ್ಲಿ ಅಪ್ಪ ಹದಿನೇಳನೆಯದು ಎಂದ ಕೊಳಲಿನ ಹಾಡು ಇಲ್ಲಿ ಹದಿನೆಂಟನೆಯದಾಗಿತ್ತು.

"ಇದನ್ನ ತಿದ್ದಬೇಕಾ?" ಎಂದ ಅವನು.

"ಬೇಡ. ಅವರ ನೆನಪಲ್ಲಿ ಎಲ್ಲಿದೆಯೋ ಅದೇ ಅದರ ಜಾಗ." ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪ್ರತಿ ಮಡಿಕೆಯನ್ನೂ ಉಗುರಿನಿಂದ ತೀಡಿ, ಅವನ ಅಂಗಿಯ ಜೇಬಿಗೆ ತಾನೇ ಸೇರಿಸಿದಳು. "ನಾಳೆ ಹತ್ತನೇ ಮೈಲಿ. ಆರು ಗಂಟೆ. ತಡ ಮಾಡಬೇಡಿ."

ಅವನು ಸೈಕಲ್ ಹತ್ತುವುದನ್ನೇ ಮರೆತು ರಸ್ತೆಯ ತಿರುವಿನ ತನಕ ಅದನ್ನು ತಳ್ಳಿಕೊಂಡು ಹೋದ.

ಹತ್ತು, ಹನ್ನೊಂದು, ಹನ್ನೆರಡು. ಗೇಟಿನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಅವನು ಹೇಳಬೇಕಾದದ್ದನ್ನು ಹೇಳಿ ಆಗಿತ್ತು. ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಉತ್ತರ ಕೊಡುವುದು ತನ್ನ ಸರದಿ ಎಂದು ಅವಳಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಪ್ರತಿ ಸಂಜೆಯೂ ಟೀ ಲೋಟದ ಜೊತೆ ಒಳಗೆ ಹೋಗುತ್ತಿತ್ತು. ಹನ್ನೆರಡನೆಯ ದಿನ ಅವನು ಬರುವ ಹೊತ್ತಿಗೆ ಅವಳು ಫೋನ್ ಹಿಡಿದು ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಏನು ಮಾಡುತ್ತಿದ್ದೀಯ ಪುಟ್ಟಿ ಎಂದು ಅಪ್ಪ ಕೇಳಿದ್ದಕ್ಕೆ ಶ್ ಎಂದಳು.

ಹದಿಮೂರನೆಯ ಸಂಜೆ ಕೊನೆಯ ಹಾಡು ತನ್ನ ಜಾಗ ಸೇರಿತು. ಅವನು ಲ್ಯಾಪ್‌ಟಾಪ್ ಮುಚ್ಚಿ, ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ, ಬೇಕಾದ್ದಕ್ಕಿಂತ ನಿಧಾನವಾಗಿ ಚೀಲಕ್ಕೆ ಹಾಕತೊಡಗಿದ. ಕಣ್ಣು ಚೀಲದ ಮೇಲಿತ್ತು. ಅಪ್ಪ ಪರೀಕ್ಷಿಸಲು ರಿಮೋಟ್ ತೆಗೆದರು. ಟ್ರಿಣ್ ಟ್ರಿಣ್. ಒಂದು. ಟ್ರಿಣ್ ಟ್ರಿಣ್. ಎರಡು. ಪ್ರತಿ ಬೆಲ್ಲಿಗೂ ಅವರ ಬೆನ್ನು ಒಂದೊಂದು ಎಳೆ ನೆಟ್ಟಗಾಗುತ್ತಿತ್ತು. ಹದಿಮೂರಾಯಿತು. ಇನ್ನೊಮ್ಮೆ ಒತ್ತಿದರೆ ಮೊದಲಿಗೇ ಮರಳಬೇಕು. ಒತ್ತಿದರು.

ಟ್ರಿಣ್. ಆಮೇಲೆ ಒಂದು ಕೆಮ್ಮು.

ಚೀಲದೊಳಗೆ ಹೋಗುತ್ತಿದ್ದ ಕೈ ಅಲ್ಲೇ ನಿಂತಿತು.

"ಇದು ನನ್ನ ಬೆಲ್ಲಲ್ಲ," ಎಂದರು ಅಪ್ಪ. ಚಿಕ್ಕ ಗುಂಡಿ ಒತ್ತಿದರು. ಏನೂ ಇಲ್ಲ; ಬೆಕ್ಕಿನ ಗುರ್ ಮಾತ್ರ. "ಕಲ್ಲು ನೆಟ್ಟಿದ್ದಾರೆ, ಮುಂದೆ ರಸ್ತೆನೇ ಇಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ. ಯಾರ ಕೆಲಸ ಇದು?"

"ನಂದು ಅಪ್ಪ," ಎಂದಳು ಅವಳು. ಅಪ್ಪನಿಗೇ ಹೇಳಿದರೂ ನೋಡುತ್ತಿದ್ದದ್ದು ಅವನನ್ನು. "ಇನ್ನೂ ಇಪ್ಪತ್ತೈದು ಹಾಡು ಹಾಕಬೇಕು. ಒಬ್ಬಳೇ ಆರಿಸೋಕೆ ಆಗಲ್ಲ."

ಅವನು ಕನ್ನಡಕವನ್ನು ಹಣೆಗೇರಿಸಿದ, ಇಳಿಸಿದ. ಕಿವಿ ಕೆಂಪಾಗಿತ್ತು.

"ದಿನಕ್ಕೊಂದು ಆರಿಸಿದ್ರೆ ತಿಂಗಳೊಳಗೆ ಮುಗಿದುಹೋಗುತ್ತೆ ಮೇಡಂ," ಎಂದ ಮೆಲ್ಲಗೆ.

"ಮೇಡಂ ಅನ್ನಬೇಡಿ. ವರ್ಷಕ್ಕೊಂದು ಆರಿಸಿದ್ರೂ ನನಗೇನೂ ಅವಸರ ಇಲ್ಲ."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅವಳಿಗೆ ಕಂಡಿತು. ಇಪ್ಪತ್ತೈದು ವರ್ಷ. ಲೆಕ್ಕ ಮುಗಿದಾಗ ಅವನ ಮುಖದ ತುಂಬ ನಗು ಹರಡಿತು. ಚೀಲದಿಂದ ಸ್ಕ್ರೂಡ್ರೈವರ್‌ಗಳನ್ನು ಮತ್ತೆ ಹೊರತೆಗೆದು, ಯಾಕೆ ತೆಗೆಯುತ್ತಿದ್ದೇನೆಂದು ತನಗೇ ತಿಳಿಯದೆ, ಮೇಜಿನ ಮೇಲೆ ಸಾಲಾಗಿ ಜೋಡಿಸಿದ.

"ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯ್ತು ನಿಮ್ಮಿಬ್ಬರದು," ಎಂದರು ಅಪ್ಪ. "ಈ ಮನೇಲಿ ಕಣ್ಣು ಕಾಣದೋನು ನಾನು. ನನಗೆ ನಾಲ್ಕನೇ ಮೈಲಿಗೇ ಗೊತ್ತಾಯ್ತು. ಪುಟ್ಟಿ, ಡಾಕ್ಟರಿಗೆ ಟೀ ಕೊಡು. ಇವತ್ತಾದ್ರೂ ಪೂರ್ತಿ ಕುಡೀಲಿ."

ಅವನು ಕುಡಿದ, ತಳದ ಸಕ್ಕರೆಯವರೆಗೂ. ಗೇಟಿನ ತನಕ ಅವಳು ಬಂದಳು. ಅವನು ಸೈಕಲ್ಲಿನ ಬೆಲ್ಲನ್ನು ಹೊಸದಾಗಿ ಕಂಡವನಂತೆ ನೋಡಿ, ಮೈಲಿಗಲ್ಲಾದ ಮೇಲೆ ಅದಕ್ಕೊಂದು ಮರ್ಯಾದೆ ಬೇಡವೇ, ನಾಳೆ ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತೇನೆ ಎಂದ.

ಅವಳು ಬೆಲ್ಲಿನ ಮೇಲೆ ಕೈಯಿಟ್ಟಳು. ಅವನ ಕೈ ಆಗಲೇ ಅಲ್ಲಿತ್ತು. ಈ ಸಲ ಅದು ಸರಿಯಲಿಲ್ಲ.

"ಹಾಕಬೇಡಿ," ಎಂದಳು. "ಕೆಮ್ಮು ಹೋದ್ರೆ ನೀವು ಬಂದಿದ್ದು ನನಗೆ ಹೇಗೆ ಗೊತ್ತಾಗಬೇಕು?"