ಕಮಾನಿಗೆ ಬಂದ ಕೋಪ

"ನನ್ನ ಜಾಗಕ್ಕೆ ಬೇರೆಯವರನ್ನ ಕರೆಸಿ ಅಂದಿದ್ದು ನೀವೇನಾ?"

ಸ್ಟುಡಿಯೋದ ದಪ್ಪ ಬಾಗಿಲನ್ನು ತಳ್ಳಿಕೊಂಡು ಬಂದವಳೇ ಅವಳು ಕೇಳಿದಳು. ಕಣ್ಣಲ್ಲಿ ಕಿಡಿ!

ಸೌಂಡ್ ಇಂಜಿನಿಯರ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು, "ಹೌದು" ಎಂದ.

ಅಷ್ಟೇ. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ 'ಮೌನಿ' ಎಂದು. ಕಾಫಿ ಬೇಕಾದರೂ ಬಾಯಿ ಬಿಡದೆ ಖಾಲಿ ಲೋಟ ತೋರಿಸುವ ಆಸಾಮಿ.

ನಾಲ್ಕು ವರ್ಷಗಳಿಂದ ಅವಳು ಗಾಜಿನ ಆಚೆ ಕುಳಿತು ಪಿಟೀಲು ನುಡಿಸಿದ್ದಳು. ಅವನು ಈಚೆ ಕುಳಿತು ಕೇಳಿದ್ದ. ಚೆನ್ನಾಗಿ ಬಂದಾಗ ಅವನ ಹುಬ್ಬು ತುಸುವೇ ಮೇಲೇರುತ್ತಿತ್ತು. ಆ ಹುಬ್ಬಿಗಾಗಿಯೇ ನುಡಿಸುತ್ತಿದ್ದೇನೆಂದು ಅವಳು ತನ್ನಲ್ಲೇ ಒಪ್ಪಿಕೊಂಡಿರಲಿಲ್ಲ.

'ಅಂಥವನೇ ಹಿಂದಿನಿಂದ ಹೀಗೆ ಮಾಡಿದನಲ್ಲ...!'

"ಯಾಕೆ? ನನ್ನ ಕೈ ಕೆಟ್ಟಿದೆಯಾ?"

"ಇಲ್ಲ... ಅದು ಸಿನಿಮಾದಲ್ಲಿ ತಾಯಿ ತೀರಿಕೊಳ್ಳೋ ದೃಶ್ಯದ ಸಂಗೀತ. ನಿಮ್ಮಮ್ಮ ಹೋಗಿ ಇನ್ನೂ ಹದಿನೈದು ದಿನ ಆಗಿಲ್ಲ. ನಿಮಗೆ ಕಷ್ಟ ಆಗುತ್ತೆ ಅಂತ..."

"ನನ್ನ ಕಷ್ಟ ಅಳೆಯೋಕೆ ನೀನ್ಯಾರು?"

ನಾಲ್ಕು ವರ್ಷದ 'ನೀವು' ಒಂದೇ ಏಟಿಗೆ ಮುರಿದುಬಿತ್ತು.

"ನನ್ನನ್ನ ಒಂದು ಮಾತು ಕೇಳಿದ್ಯಾ? ಅಮ್ಮನೂ ಹಿಂಗೇ! ಎದೆ ನೋವು ಬಂದ್ರೆ 'ಗ್ಯಾಸ್ ಕಣೇ, ನೀನು ಕೆಲಸ ನೋಡ್ಕೋ' ಅಂತ ಮುಚ್ಚಿಟ್ಲು. ಈಗ ನೀನು! ನನ್ನ ಒಳ್ಳೇದಕ್ಕೆ ಅಂತ ನನ್ನಿಂದಲೇ ಮುಚ್ಚಿಡೋರು ಎಲ್ಲರೂ!"

ಅವನ ತುಟಿ ಅಲುಗಿತು. ಹೊರಬಂದದ್ದು ಒಂದೇ ಪದ.

"ತಪ್ಪಾಯ್ತು."

ಬೆಂಕಿಗೆ ತುಪ್ಪ ಸುರಿದಂತಾಯಿತು! ಮಾತು, ಮಾತು, ಮಾತು... ಅಮ್ಮ ಹೋದಾಗ 'ಧೈರ್ಯ ತಗೋ' ಎಂದವರೆಷ್ಟು ಜನ! ಅವಳು ಒಂದು ಹನಿ ಕಣ್ಣೀರು ಹಾಕದಿದ್ದುದಕ್ಕೆ ಸ್ವಂತ ಚಿಕ್ಕಮ್ಮನೇ, "ಕಲ್ಲು ಕಣಮ್ಮ ಇವಳ ಎದೆ" ಎಂದುಬಿಟ್ಟಿದ್ದಳು.

ಅವಳು ಸರ್ರನೆ ಗಾಜಿನಾಚೆಯ ಕೋಣೆಗೆ ಹೋದಳು. ಪಿಟೀಲು ಎತ್ತಿಕೊಂಡಳು.

ಕಮಾನು ತಂತಿಯ ಮೇಲೆ ಬಿತ್ತು.

ಅದು ಸಂಗೀತವಲ್ಲ, ಜಗಳ! ಅಮ್ಮನೊಡನೆ, ಅಮ್ಮ ಮುಚ್ಚಿಟ್ಟ ನೋವಿನೊಡನೆ, ಇದೇ ಕೋಣೆಯಲ್ಲಿ ನುಡಿಸುತ್ತ ತಾನು ಎತ್ತದೆ ಹೋದ ಆ ಕೊನೆಯ ಫೋನ್ ಕರೆಯೊಡನೆ... ಸ್ವರಗಳು ಕಿರುಚಿದವು, ಬಾಗಿಲು ಬಡಿದವು. ಕಮಾನಿನ ಕೂದಲು ಎಳೆಯೆಳೆಯಾಗಿ ಕಿತ್ತು ಜೋತಾಡಿದರೂ ಕೈ ನಿಲ್ಲಲಿಲ್ಲ.

ಆಮೇಲೆ ಕೈ ತಾನಾಗಿಯೇ ಮಂದ್ರಕ್ಕಿಳಿಯಿತು. 'ನನಗೆ ಯಾಕಮ್ಮ ಹೇಳಲಿಲ್ಲ?' ಬಾಯಿಗೆ ಬಾರದ ಆ ಪ್ರಶ್ನೆಯನ್ನು ತಂತಿ ಮತ್ತೆ ಮತ್ತೆ ಕೇಳಿತು. ಪಿಟೀಲಿನ ಮೇಲೆ ಟಪ್ಪೆಂದು ಏನೋ ಬಿತ್ತು.

ಕಣ್ಣೀರು!

ಅವಳು ಕುಸಿದು ಕುಳಿತು, ಮಗುವಿನಂತೆ ಬಿಕ್ಕಿದಳು.

ಬಾಗಿಲು ಅರ್ಧ ತೆರೆಯಿತು. ಅವನ ಕಣ್ಣುಗಳೂ ಕೆಂಪಾಗಿದ್ದವು.

"ಒಳಗೆ ಬರ್ಲಾ?"

ಅವಳು ತಲೆಯಾಡಿಸಿದಳು. ಅವನು ಬಂದು ನೆಲದ ಮೇಲೆ, ಅವಳ ಪಕ್ಕದಲ್ಲಿ ಕುಳಿತ.

"ರೆಕಾರ್ಡ್ ಮಾಡ್ಕೊಂಡ್ಯಾ?"

"ಇಲ್ಲ."

"ಯಾಕೆ?"

"ನಿನ್ನನ್ನ ಕೇಳಿರ್ಲಿಲ್ಲ."

ಅವಳು ಮೊದಲ ಬಾರಿ ಅವನನ್ನು ನೆಟ್ಟಗೆ ನೋಡಿದಳು.

"ನೀನು ಅಳೋದನ್ನ ನೋಡೋ ಶಕ್ತಿ ನನಗಿರ್ಲಿಲ್ಲ," ಅವನು ತಡವರಿಸಿದ. "ಅದು ನನ್ನ ಕಷ್ಟ. ನಿನ್ನದು ಅಂದ್ಬಿಟ್ಟೆ. ನಾಲ್ಕು ವರ್ಷದಿಂದ ನೀನಂದ್ರೆ... ನನಗೆ ಹೇಳೋಕೇ ಬರಲ್ಲ ಕಣೇ."

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಗೊತ್ತು. ಕೇಳಿಸ್ಕೊಂಡೆ."

"ಆ ದೃಶ್ಯಕ್ಕೆ ನಾನೇ ನುಡಿಸ್ತೀನಿ."

"ಇವತ್ತಾ? ನಾಳೆನಾ?"

"ನಾಳೆ."

ಅವನು ಹೆದರುತ್ತಲೇ ಕೇಳಿದ. "ಏನಾದ್ರೂ... ಮಾತಾಡ್ಲಾ?"

"ಬೇಡ. ಕೈ ಕೊಡು." ಅವಳು ಮೂಗೊರೆಸಿಕೊಂಡಳು. "ಹಿಡ್ಕೊಳ್ಳೋಕೆ ಕಣೋ! ಇನ್ನೊಂದು ಥರ ಕೈ ಕೊಟ್ರೆ ಕೊಂದ್ಹಾಕ್ತೀನಿ!"

ಅವನು ಕೈ ಚಾಚಿದ.