ಅಲ್ಲಾಡಿದ ಪಕ್ಕೆಲುಬು

ಇದು ಐದನೇ ಎದೆ. ಇದೂ ಕೆಟ್ಟಿತ್ತು.

ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ಪರದೆ ನೋಡಿದರು. ದೂರದ ಬೆಟ್ಟದ ಆಸ್ಪತ್ರೆಯಿಂದ ಬರುವ ಎಕ್ಸ್‌ರೇಗಳನ್ನು ಮನೆಯಲ್ಲೇ ಕೂತು ಓದಿ ಹೇಳುವುದು ಅವರ ಕೆಲಸ. ಈ ವಾರ ಅಲ್ಲಿ ಪೈಪೋಟಿ. ಚಿತ್ರ ಹಿಡಿಯೋಕೆ ಹಳೇ ಪ್ಲೇಟೋ, ನೇರ ಕಂಪ್ಯೂಟರಿಗೇ ಚಿತ್ರ ಕಳಿಸುವ ಹೊಸ ಪ್ಯಾನೆಲ್ಲೋ? ಅರ್ಧ ರೋಗಿಗಳಿಗೆ ಅದು, ಅರ್ಧ ರೋಗಿಗಳಿಗೆ ಇದು. ಪ್ಯಾನೆಲ್ಲಿನ ಚಿತ್ರಗಳು ಕನ್ನಡಿಯ ಹಾಗಿವೆ. ಪ್ಲೇಟಿನವೋ, ದೇವರಿಗೇ ಪ್ರೀತಿ!

ಫೋನು ಬಂತು. ಆಸ್ಪತ್ರೆಯ ಮ್ಯಾನೇಜರು.

"ಮೇಡಂ, ಇದು ಆ ಪ್ಯಾನೆಲ್ ಮಾರೋಕೆ ಬಂದವನ ಕೈವಾಡ. ನಮ್ಮ ಎಕ್ಸ್‌ರೇ ಅಕ್ಕನದು ಪಳಗಿದ ಕೈ, ಯಾವತ್ತೂ ಹೀಗಾಗಿಲ್ಲ. ಸಂಜೆ ಅವನನ್ನ ಪೊಲೀಸರಿಗೆ ಒಪ್ಪಿಸ್ತೀನಿ."

"ಸ್ವಲ್ಪ ತಡ್ಕೊಳ್ಳಿ ಸಾರ್. ಸುಮ್ಮನೆ ಒಬ್ಬನ ಹೊಟ್ಟೆ ಮೇಲೆ ಹೊಡೀಬೇಡಿ."

* * *

ಡಾಕ್ಟರಮ್ಮ ಐದೂ ಚಿತ್ರಗಳನ್ನು ಸಾಲಾಗಿಟ್ಟರು. ಬೆನ್ನುಮೂಳೆ ಸ್ಪಷ್ಟ. ಕೆಳಗಿನ ಪಕ್ಕೆಲುಬು ಮಾತ್ರ ಮಸುಕು. ಯಂತ್ರ ಕೆಟ್ಟಿದ್ದರೆ ಎಲ್ಲವೂ ಕೆಡಬೇಕಿತ್ತಲ್ಲ? ಅಯ್ಯೋ, ಇದು ಪಕ್ಕೆಲುಬು ಅಲ್ಲಾಡಿಸಿದ ಉಸಿರಾಟದ ಕೆಲಸ!

ಐದನೇ ಎದೆಯ ಅಜ್ಜಿಗೆ ಫೋನು ಹೋಯಿತು.

"ಅಜ್ಜಿ, ಎಕ್ಸ್‌ರೇ ತೆಗೆಯೋವಾಗ ಅಕ್ಕ ಏನಂದ್ರು?"

"'ಉಸಿರು ಹಿಡ್ಕೊಳ್ಳಿ' ಅಂದ್ಳು. ಹಿಡ್ಕೊಂಡೆ. 'ಬಿಡಿ' ಅಂದ್ಳು. ಬಿಟ್ಟೆ. ಆಮೇಲೆ ಟಕ್ ಅಂತು."

"ಬಿಟ್ಟ ಮೇಲೆ ಟಕ್ ಅಂತಾ? ಸರಿಯಾಗಿ ಕೇಳಿಸ್ತಾ?"

"ಕೆಟ್ಟಿರೋದು ನನ್ನ ಎದೆ ಕಣಮ್ಮ, ಕಿವಿಯಲ್ಲ!"

"ಪ್ಯಾನೆಲ್ ಮಾರೋನು ಅಲ್ಲಿದ್ನಾ?"

"ಯಾರೂ ಇರ್ಲಿಲ್ಲ. ನಾವಿಬ್ರೇ."

* * *

ವಿಡಿಯೋ ಕರೆಯಲ್ಲಿ ಎಕ್ಸ್‌ರೇ ಅಕ್ಕ ನಗುತ್ತಲೇ ಬಂದಳು.

"ಅಕ್ಕ, ಹೊಸದರಲ್ಲಿ ಎಲ್ಲರೂ ಉಸಿರು ಹಿಡಿದಿದ್ದಾರೆ. ಹಳೇದರಲ್ಲಿ ಒಬ್ಬರೂ ಹಿಡಿದಿಲ್ಲ. ಗುಂಡಿ ಒತ್ತೋ ಕೈ ಮಾತ್ರ ಎರಡಕ್ಕೂ ಒಂದೇ. 'ಬಿಡಿ' ಅಂದ ಮೇಲೆ ಒತ್ತಿದ್ದು ಯಾಕೆ?"

ಅಕ್ಕ ಇಂಗು ತಿಂದ ಮಂಗನಂತಾದಳು.

"ಪ್ಲೇಟಿನಿಂದ ಚಿತ್ರ ತೆಗೆಯೋ ಪೆಟ್ಟಿಗೆ ಮಹಡಿ ಮೇಲಿದೆ ಮೇಡಂ. ಒಂದೊಂದು ಎಕ್ಸ್‌ರೇಗೂ ಆ ಪ್ಲೇಟು ಹೊತ್ಕೊಂಡು ಹತ್ತಿ ಇಳೀಬೇಕು. ನನ್ನ ಭುಜ ಬಿದ್ದುಹೋಗಿದೆ. ಹೊಸದು ತರಿಸಿ ಅಂದ್ರೆ, 'ಚಿತ್ರ ಚೆನ್ನಾಗೇ ಬರ್ತಿದೆಯಲ್ಲ' ಅಂತಾರೆ ಮ್ಯಾನೇಜರು. ಅದಕ್ಕೇ ಚೆನ್ನಾಗಿ ಬರದ ಹಾಗೆ ಮಾಡಿದೆ."

ಡಾಕ್ಟರಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. "ಅಜ್ಜಿ ಎದೆಗೆ ಮತ್ತೆ ಎಕ್ಸ್‌ರೇ ಹೊಡೀಬೇಕು. ಪಾಪ, ಆ ಪ್ಯಾನೆಲ್ ಮಾರೋನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುತ್ತಿದ್ದ. ತಪ್ಪಲ್ವಾ?"

"ತಪ್ಪೇ ಮೇಡಂ." ಅಕ್ಕನ ಕಣ್ಣು ತುಂಬಿತು. ಹೋಗಿ ಮ್ಯಾನೇಜರಿಗೆ ತಾನೇ ಹೇಳಿದಳು.

ಆ ಪುಣ್ಯಾತ್ಮರೋ, ಕೂಗಾಡೋದು ಬಿಟ್ಟು ಖುಷಿಯಲ್ಲಿ ಫೋನು ಹಚ್ಚಿದರು. "ಅಂದ್ರೆ ಹಳೇದು ಗಟ್ಟಿಮುಟ್ಟಾಗಿದೆ! ಹೊಸದು ಬೇಡ ಅಲ್ವಾ ಮೇಡಂ?"

"ಎದೆ ನೋಡೋಕೆ ನನಗೆ ಎರಡೂ ಸಾಕು ಸಾರ್. ಆದ್ರೆ ತೀರ್ಪು ಕೊಡೋ ಮೊದಲು ಇನ್ನೊಂದು ಚಿತ್ರ ಬೇಕು. ಹಳೇ ಪ್ಲೇಟಲ್ಲೇ."

"ಯಾರದು?"

"ಅಕ್ಕನ ಭುಜದ್ದು. ಪ್ಲೇಟನ್ನ ಮಹಡಿಗೆ ನೀವೇ ಹೊತ್ಕೊಂಡು ಹೋಗಿ."

ಚಿತ್ರ ಬಂತು. ಒಂಚೂರೂ ಅಲ್ಲಾಡಿರಲಿಲ್ಲ. ಸವೆದ ಕೀಲು ಎದ್ದು ಕಾಣುತ್ತಿತ್ತು. ಹಿಂದೆಯೇ ಮ್ಯಾನೇಜರ ಫೋನು, ಬರೀ ಏದುಸಿರು.

"ಮೇಡಂ... ಆ ಪ್ಯಾನೆಲ್ ಮಾರೋನು... ಹೊರಟುಬಿಟ್ನೋ ಏನೋ... ನೀವೇ ಒಂದು ಮಾತು ಹೇಳಿ ನಿಲ್ಲಿಸಿ!"