ವಿಭೂತಿ ಬಿದ್ದ ಪ್ರತಿ

"ಯಾರೂ ಮುಟ್ಟಬೇಡಿ! ಎಲ್ಲರೂ ಹೊರಗೆ!" ಸಾಹೇಬರು ಕೂಗಿದರು.

ವೇದಾ ಒಡೆದ ಲಕೋಟೆಯಿಂದ ಮೇಜಿನ ಮೇಲೆ ಬಿಳಿ ಪುಡಿ ಚೆಲ್ಲಿತ್ತು.

ಎರಡು ಸಾವಿರದ ಒಂದನೇ ಇಸವಿ. ಅಂಚೆಯಲ್ಲಿ ವಿಷದ ಪುಡಿ ಬರುತ್ತದೆಂದು ಜನ ಹೆದರಿದ್ದ ದಿನಗಳು. ವೇದಾ ಕೆಲಸಕ್ಕಿದ್ದ, ಇಂಗ್ಲೆಂಡಿನ ಲೀಡ್ಸ್ ಹತ್ತಿರದ ಆ ರಾಷ್ಟ್ರೀಯ ಗ್ರಂಥಾಲಯಕ್ಕೋ, ದೇಶದಲ್ಲಿ ಅಚ್ಚಾದ ಎಲ್ಲ ಪುಸ್ತಕ, ಪತ್ರಿಕೆಗಳದ್ದೂ ಒಂದೊಂದು ಪ್ರತಿ ಬರಲೇಬೇಕು. ಬಂದದ್ದು ಮತ್ತೆ ಹೊರಗೆ ಹೋಗುವಂತಿಲ್ಲ.

ವೇದಾ ಮೂಸಿ ನೋಡಿದಳು. ಅಯ್ಯೋ... ವಿಭೂತಿ!

ಯಾರು ನಂಬುತ್ತಾರೆ? ಎಲ್ಲರೂ ಎರಡು ಗಂಟೆ ಚಳಿಯಲ್ಲಿ ನಿಂತರು. ಕೆಲಸಕ್ಕೆ ಸೇರಿ ತಿಂಗಳಾಗಿದ್ದ ವೇದಾ ಲಕೋಟೆಯ ಮೇಲೆ ಓದಿಕೊಂಡಿದ್ದ ನಂಬರಿಗೆ ಫೋನ್ ಮಾಡಿದಳು.

"ಡಾಕ್ಟರ್ ಇಂದುಶೇಖರ ಮಾತಾಡ್ತೀನ್ರಿ, ವುಲ್ವರ್‌ಹ್ಯಾಂಪ್ಟನ್ನಿಂದ."

"ಪತ್ರಿಕೆಗೆ ವಿಭೂತಿ ಯಾಕೆ ಹಚ್ಚಿದ್ರಿ?"

"ನಮ್ಮ ಕನ್ನಡ ಸಂಘದ ಮೊದಲನೇ ಸಂಚಿಕಿ ಅಲ್ರೀ! ಪೂಜಿ ಮಾಡದ ಹೆಂಗ ಕಳಸೂದು?"

"ಇಲ್ಲಿ ಫೈರ್ ಎಂಜಿನ್ ಬಂದಿದೆ ಕಣ್ರೀ! ನನ್ನ ಕೆಲಸ ಹೋಗತ್ತೆ!"

"ಫೈರ್ ಎಂಜಿನ್‌ನವ್ರೂ ಹಚ್ಚಿಕೊಂಡ್ರೇನು?"

ಅಳಬೇಕಾದವಳು ತುಟಿ ಕಚ್ಚಿ ನಗು ನುಂಗಿದಳು.

ಮರುದಿನ ಅವನೇ ಬಂದು ಸಾಹೇಬರ ಮುಂದೆ ತಪ್ಪೊಪ್ಪಿಕೊಂಡ. ಕೆಲಸ ಉಳಿಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ಸಂಚಿಕೆಯನ್ನು ಕೈಯಲ್ಲೇ ಹಿಡಿದು ಬರುತ್ತಿದ್ದ, ಜೊತೆಗೊಂದು ಡಬ್ಬಿ ಶೇಂಗಾ ಹೋಳಿಗೆ. ವೇದಾ ತಿಂಗಳು ಎಣಿಸತೊಡಗಿದಳು.

ಐದನೇ ಸಂಚಿಕೆ ಅಂಚೆಯಲ್ಲಿ ಬಂತು!

'ನನ್ನ ಮುಖ ನೋಡಿ ಸಾಕಾಯ್ತೇನೋ...' ಲಕೋಟೆ ಒಡೆಯದೆ ರಾಶಿಯ ತಳಕ್ಕೆ ತುರುಕಿದಳು.

ಮೂರು ವಾರದ ಮೇಲೆ ಇಂದುಶೇಖರ ಬಾಗಿಲಲ್ಲಿ ನಿಂತಿದ್ದ. ಖಾಲಿ ಕೈ, ಬಾಡಿದ ಮುಖ.

"ಒಲ್ಲೆ ಅನ್ನೂದಿದ್ರ ಅಂದುಬಿಡ್ರಿ. ಹಿಂಗ ಸುಮ್ಮನಿರಬ್ಯಾಡ್ರಿ."

"ಏನು ಒಲ್ಲೆ ಅನ್ಬೇಕು?"

"ನಾ ಬರದ ಸಂಪಾದಕರ ಮಾತು ಓದಿಲ್ಲೇನು?!"

ಲಕೋಟೆ ಹುಡುಕಿ ಒಡೆದಳು. ಕೊನೆಯ ಸಾಲು: 'ಗ್ರಂಥಾಲಯದ ವೇದಾ ಅವರು ಒಪ್ಪಿದರೆ, ಮುಂದಿನ ಸಂಚಿಕೆಯ ಹೊತ್ತಿಗೆ ನಮ್ಮ ಮದುವೆ.'

ಅದೇ ಸಾಲನ್ನು ಮತ್ತೊಮ್ಮೆ ಓದಿದಳು. "ಎಷ್ಟು ಪ್ರತಿ ಅಚ್ಚಾಗಿದೆ?"

"ಇನ್ನೂರು. ಬರ್ಮಿಂಗ್‌ಹ್ಯಾಂನಾಗಿನ ಕನ್ನಡದವ್ರೆಲ್ಲಾ ಓದ್ಯಾರ. ನಮ್ಮ ನೀಲಾಂಬಿಕಾ ಅತ್ತಿ ನಿಮಗಂತ ಸೀರಿನೂ ತಂದಿಟ್ಟಾರ. ನೀವ ಕಡೇದವ್ರು."

"ಬಾಯಲ್ಲಿ ಹೇಳಕ್ಕೇನಾಗಿತ್ತು?"

"ನಾಕು ಸಲ ಬಂದೆ, ನಾಕು ಸಲಾನೂ ಬಾಯಿ ಬರಲಿಲ್ರಿ. ಬ್ಯಾಡಂದ್ರ ಹರದು ಒಗೀರಿ."

"ಹರಿಯೋ ಹಾಗಿಲ್ಲ. ಇಲ್ಲಿಗೆ ಬಂದಿದ್ದನ್ನ ಕೊನೇವರೆಗೂ ಇಟ್ಕೋಬೇಕು."

"ಪತ್ರಿಕೀನ... ಅಥವಾ ನನ್ನ?"

ವೇದಾ ತಲೆ ತಗ್ಗಿಸಿದಳು. "ಈ ಸಲ ವಿಭೂತಿ ಯಾಕಿಲ್ಲ?"

"ನೀವ ಬೈದಿದ್ರಲ್ಲ!"

"ಜೇಬಲ್ಲಿದ್ಯಾ?"

"ಯಾವಾಗ್ಲೂ ಇರ್ತದ್ರಿ."

"ಹಚ್ಚಿ... ಪತ್ರಿಕೆಗಲ್ಲ." ಹಣೆ ಮುಂದೆ ಮಾಡಿದಳು.

ಅವನು ಅವಸರದಿಂದ ವಿಭೂತಿಯ ಪೊಟ್ಟಣ ಬಿಚ್ಚಿದ.

"ಮೆಲ್ಲಗೆ ರೀ... ಉದುರಿದ್ರೆ ಮತ್ತೆ ಎಲ್ಲರೂ ಹೊರಗೆ!"